ವಿಭಾಗಗಳ ಗುರಿಗಳು ಎದುರುಬದುರಾದಾಗ: ವ್ಯವಸ್ಥಾಪಕರ ಸಂವಹನ ತರಬೇತಿಯೊಂದರ ವಿಮರ್ಶೆ

ಒಂದೇ ಸಂಸ್ಥೆಯ ಬೇರೆ ಬೇರೆ ವಿಭಾಗಗಳಿಗೆ ಕೊಟ್ಟ ಗುರಿಗಳು ಒಂದಕ್ಕೊಂದು ಅಡ್ಡ ಬಂದಾಗ ವ್ಯವಸ್ಥಾಪಕರು ಮಾತುಕತೆಯ ಮೂಲಕ ಅವುಗಳನ್ನು ಹೇಗೆ ಹೊಂದಿಸಬೇಕು ಎಂಬುದನ್ನೇ ವಿಷಯವಾಗಿ ಇಟ್ಟುಕೊಂಡ ತರಬೇತಿಯೊಂದಕ್ಕೆ ನಾವು ನಾಲ್ವರು ಸಹೋದ್ಯೋಗಿಗಳು ಒಟ್ಟಾಗಿ ಹೋಗಿಬಂದೆವು. ಮೂರು ಪೂರ್ಣ ದಿನಗಳ ತರಗತಿ, ಅದಾದ ಮೇಲೆ ಆರು ವಾರಗಳ ಕಾಲ ವಾರಕ್ಕೊಂದು ಗಂಟೆಯ ಆನ್‌ಲೈನ್ ಮಾರ್ಗದರ್ಶನ, ಹದಿನೆಂಟು ಮಂದಿ ಶಿಬಿರಾರ್ಥಿಗಳು, ಇಬ್ಬರು ತರಬೇತುದಾರರು. ನಡೆಸಿದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದೇ ಮಾದರಿಯ ತರಬೇತಿಗಳನ್ನು ಹಲವರು ನಡೆಸುತ್ತಾರೆ, ಮತ್ತು ನಾನು ಹೇಳಬೇಕೆಂದಿರುವುದು ಅವುಗಳಲ್ಲಿ ಯಾವುದಕ್ಕೆ ಸೇರುವವರಿಗೂ ಉಪಯೋಗಕ್ಕೆ ಬರಬಹುದು. ಮುಗಿದ ದಿನದ ಉತ್ಸಾಹದಲ್ಲಿ ಬರೆದಿದ್ದರೆ ಹೊಗಳಿಕೆಯೊಂದೇ ಉಳಿಯುತ್ತಿತ್ತು ಎಂಬ ಕಾರಣಕ್ಕೆ ನಾಲ್ಕು ತಿಂಗಳು ಕಾದು, ಕಲಿತದ್ದು ಕೆಲಸದಲ್ಲಿ ಎಷ್ಟು ನಿಂತಿತು ಎಂಬುದನ್ನು ನೋಡಿಕೊಂಡು ಬರೆಯುತ್ತಿದ್ದೇನೆ.

ನಮ್ಮದು ಯಂತ್ರಗಳ ಬಿಡಿಭಾಗಗಳನ್ನು ತಯಾರಿಸುವ ಸಂಸ್ಥೆ. ಉತ್ಪಾದನೆಯ ಯೋಜನೆ ನನ್ನ ಹೊಣೆ. ಒಂದು ಬಗೆಯ ಭಾಗವನ್ನು ಮುಗಿಸಿ ಇನ್ನೊಂದು ಬಗೆಗೆ ಯಂತ್ರವನ್ನು ಸಿದ್ಧಪಡಿಸಲು ಸುಮಾರು ಅರ್ಧ ಪಾಳಿ ಹಿಡಿಯುತ್ತದೆ. ಹಾಗಾಗಿ ಒಂದೇ ಭಾಗವನ್ನು ದೊಡ್ಡ ಬ್ಯಾಚ್‌ನಲ್ಲಿ ಮಾಡಿದಷ್ಟೂ ಒಂದೊಂದರ ವೆಚ್ಚ ಇಳಿಯುತ್ತದೆ, ಮತ್ತು ನನ್ನ ಕೆಲಸವನ್ನು ಅಳೆಯುವುದು ಆ ವೆಚ್ಚದಿಂದಲೇ. ಮಾರಾಟ ವಿಭಾಗವನ್ನು ಅಳೆಯುವುದು ತಿಂಗಳ ಕೊನೆಗೆ ಎಷ್ಟು ಆರ್ಡರ್‌ಗಳು ಹೊರಟವು ಎಂಬುದರಿಂದ. ಅವರಿಗೆ ಸಣ್ಣ ಸಣ್ಣ ಬ್ಯಾಚ್‌ಗಳು ಬೇಕು, ಬೇಕೆಂದಾಗ ಯಂತ್ರ ಬದಲಾಗಬೇಕು. ಹಣಕಾಸು ವಿಭಾಗಕ್ಕೆ ಗೋದಾಮಿನ ದಾಸ್ತಾನು ಇಳಿಯಬೇಕು. ಗುಣಮಟ್ಟ ವಿಭಾಗಕ್ಕೆ ಗ್ರಾಹಕರಿಂದ ಒಂದು ಪೆಟ್ಟಿಗೆಯೂ ವಾಪಸು ಬರಬಾರದು, ಅದಕ್ಕಾಗಿ ಪರೀಕ್ಷೆಗೆ ಇನ್ನೊಂದು ದಿನ ಸಿಗಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಲ್ಲಿ ಎರಡರಲ್ಲೊಂದು ತಪ್ಪು ದಾರಿ ಹಿಡಿದಿದೆ ಎಂಬ ಧ್ವನಿ ಇದೆ. ನಮ್ಮ ಕಷ್ಟ ಅದಕ್ಕಿಂತ ಆಳವಾದದ್ದು, ಏಕೆಂದರೆ ನಾಲ್ಕೂ ವಿಭಾಗದವರು ನಮಗೆ ತೋರಿಸಿದ ದಾರಿಯಲ್ಲೇ ಪ್ರಾಮಾಣಿಕವಾಗಿ ಎಳೆಯುತ್ತಿದ್ದೆವು.

ಇದಕ್ಕೆ ಮಾತಿನ ತರಬೇತಿ ಏಕೆ, ಯೋಜನೆ ಮಾಡುವ ಒಳ್ಳೆಯ ತಂತ್ರಾಂಶವೊಂದು ಸಾಲದೇ ಎಂಬ ಪ್ರಶ್ನೆ ನನ್ನಲ್ಲಿತ್ತು. ಮೊದಲ ಗಂಟೆಯಲ್ಲೇ ತರಬೇತುದಾರರು ನಿರ್ವಹಣಾ ವಿದ್ವಾಂಸ ಹೆನ್ರಿ ಮಿಂಟ್ಸ್‌ಬರ್ಗ್ ಅವರು 1973ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಮುಂದಿಟ್ಟರು. ಅವರು ಐವರು ಮುಖ್ಯ ಕಾರ್ಯನಿರ್ವಾಹಕರ ದಿನಚರಿಯನ್ನು ಹತ್ತಿರದಿಂದ ಗಮನಿಸಿದಾಗ ಅವರ ಸಮಯದ ಶೇ. 78ರಷ್ಟು ಭಾಗ ಮಾತುಕತೆಯಲ್ಲೇ ಹೋಗುತ್ತಿತ್ತು. ಮೀಟಿಂಗ್ ಎಂದರೆ ಕೆಲಸಕ್ಕೆ ಬಂದ ಅಡ್ಡಿ ಎಂದು ವರ್ಷಗಟ್ಟಲೆ ನಂಬಿದ್ದ ನನಗೆ ಆ ಅಂಕಿ ನಾಟಿತು. ಯಂತ್ರದ ಮುಂದೆ ನಿಂತವನ ಕೆಲಸ ಯಂತ್ರದಲ್ಲಿ ನಡೆದರೆ, ವ್ಯವಸ್ಥಾಪಕನ ಕೆಲಸ ನಡೆಯುವುದೇ ಮಾತಿನಲ್ಲಿ. ಅದನ್ನು ಅಳತೆಯಿಲ್ಲದೆ, ತಯಾರಿಯಿಲ್ಲದೆ ಮಾಡುವುದು ಸರಿಯಲ್ಲ ಎಂದು ಒಪ್ಪಿಕೊಂಡೆ.

ಆದರೆ ಮೊದಲ ದಿನದ ಬಹುಪಾಲು ನನಗೆ ನಿರಾಸೆ ತಂದಿತು. ಕೆನೆತ್ ಥಾಮಸ್ ಮತ್ತು ರಾಲ್ಫ್ ಕಿಲ್ಮನ್ ಅವರು 1974ರಲ್ಲಿ ಹೊರತಂದ, ಮೂವತ್ತು ಜೋಡಿ ಹೇಳಿಕೆಗಳಲ್ಲಿ ಒಂದೊಂದನ್ನು ಆರಿಸಬೇಕಾದ ಪ್ರಶ್ನಾವಳಿಯನ್ನು ತುಂಬಿಸಿದರು. ಸಂಘರ್ಷ ಎದುರಾದಾಗ ನಾವು ಸ್ಪರ್ಧೆಗಿಳಿಯುತ್ತೇವೆಯೇ, ಸಹಕರಿಸುತ್ತೇವೆಯೇ, ರಾಜಿಯಾಗುತ್ತೇವೆಯೇ, ತಪ್ಪಿಸಿಕೊಳ್ಳುತ್ತೇವೆಯೇ, ಇಲ್ಲವೇ ಬಿಟ್ಟುಕೊಡುತ್ತೇವೆಯೇ ಎಂಬ ಐದು ರೀತಿಗಳಲ್ಲಿ ನಮ್ಮ ಒಲವು ಎಲ್ಲಿದೆ ಎಂಬುದು ಅದರಿಂದ ತಿಳಿಯುತ್ತದೆ. ಸಾಧನ ಉಪಯುಕ್ತವೇ. ಅದರ ಸುತ್ತ ಅರ್ಧ ದಿನ ಕಳೆದದ್ದರಿಂದ ಮಾತ್ರ ಕೋಣೆಯಲ್ಲಿದ್ದ ಪ್ರತಿಯೊಬ್ಬರೂ ತಮ್ಮ ಸಂಸ್ಥೆಯ ಜಗಳಕ್ಕೆ ಯಾರದೋ ಸ್ವಭಾವವೇ ಕಾರಣ ಎಂದು ಯೋಚಿಸತೊಡಗಿದರು. ನನ್ನ ಫಲಿತಾಂಶದಲ್ಲಿ ತಪ್ಪಿಸಿಕೊಳ್ಳುವ ಒಲವು ಹೆಚ್ಚಿತ್ತು. ಅದು ನಿಜವೂ ಹೌದು. ಆದರೆ ನನ್ನ ಜಾಗದಲ್ಲಿ ಅತ್ಯಂತ ಧೈರ್ಯವಂತರನ್ನು ಕೂರಿಸಿದರೂ ಯಂತ್ರ ಬದಲಿಸಲು ಹಿಡಿಯುವ ಅರ್ಧ ಪಾಳಿ ಕಡಿಮೆಯಾಗುತ್ತಿರಲಿಲ್ಲ. ಗುರಿಗಳ ಸಂಘರ್ಷವನ್ನು ಗುಣಗಳ ಸಂಘರ್ಷವಾಗಿ ನೋಡುವುದು ಸಂಸ್ಥೆಗಳಲ್ಲಿ ಮೊದಲೇ ಇರುವ ರೋಗ. ತರಬೇತಿ ಅದನ್ನು ಬಿಡಿಸಬೇಕಿತ್ತು.

ಸಂಜೆಯ ಹೊತ್ತಿಗೆ ಮೇರಿ ಪಾರ್ಕರ್ ಫಾಲೆಟ್ ಅವರ ಪ್ರಸ್ತಾಪ ಬಂದಾಗ ದಿಕ್ಕು ಬದಲಾಯಿತು. 1868ರಲ್ಲಿ ಹುಟ್ಟಿದ ಈ ಚಿಂತಕಿ 1925ರಲ್ಲಿ ಮಂಡಿಸಿದ ಪ್ರಬಂಧವೊಂದರಲ್ಲಿ ಭಿನ್ನಾಭಿಪ್ರಾಯವನ್ನು ಬಗೆಹರಿಸುವ ಮೂರು ದಾರಿಗಳನ್ನು ಹೇಳಿದ್ದರು: ಒಬ್ಬರು ಮೇಲುಗೈ ಸಾಧಿಸುವುದು, ಇಬ್ಬರೂ ಒಂದಿಷ್ಟು ಕಳೆದುಕೊಂಡು ರಾಜಿಯಾಗುವುದು, ಇಬ್ಬರ ಬಯಕೆಗೂ ಜಾಗ ಸಿಗುವಂತೆ ಸಮನ್ವಯ ಸಾಧಿಸುವುದು. ಸಮನ್ವಯಕ್ಕೆ ಅವರೇ ಕೊಟ್ಟ ಉದಾಹರಣೆ ಇದು: ಹಾರ್ವರ್ಡ್ ಗ್ರಂಥಾಲಯದ ಸಣ್ಣ ಕೋಣೆಯೊಂದರಲ್ಲಿ ಇನ್ನೊಬ್ಬರಿಗೆ ಕಿಟಕಿ ತೆರೆದಿರಬೇಕಿತ್ತು, ಫಾಲೆಟ್ ಅವರಿಗೆ ಮುಚ್ಚಿರಬೇಕಿತ್ತು. ಕೊನೆಗೆ ಯಾರೂ ಕುಳಿತಿರದ ಪಕ್ಕದ ಕೋಣೆಯ ಕಿಟಕಿಯನ್ನು ತೆರೆದರು. ಅವರಿಗೆ ಬೇಕಾಗಿದ್ದದ್ದು ಗಾಳಿಯಾಡುವ ಕೋಣೆ, ಆ ಕಿಟಕಿಯೇ ತೆರೆಯಬೇಕೆಂದೇನೂ ಇರಲಿಲ್ಲ. ಇವರಿಗೆ ಬೇಡವಾಗಿದ್ದದ್ದು ಉತ್ತರದ ಗಾಳಿ ನೇರವಾಗಿ ಮೈಗೆ ಬಡಿಯುವುದು ಮಾತ್ರ. ತೊಂಬತ್ತೊಂಬತ್ತು ಮೀಟಿಂಗ್‌ಗಳಲ್ಲಿ ನಾವು ಕಿಟಕಿಯ ಬಗ್ಗೆಯೇ ವಾದಿಸಿದ್ದೆವು, ಗಾಳಿಯ ಬಗ್ಗೆ ಒಮ್ಮೆಯೂ ಮಾತಾಡಿರಲಿಲ್ಲ ಎಂದು ನನಗೆ ಆಗ ಹೊಳೆಯಿತು.

ಎರಡನೆಯ ದಿನದ ಬೆಳಗಿನ ಅಭ್ಯಾಸವೊಂದಕ್ಕಾಗಿಯೇ ಈ ತರಬೇತಿಗೆ ಹೋಗಬಹುದು. ಪ್ರತಿಯೊಬ್ಬರೂ ತಮಗೆ ಎದುರಾಗಿರುವ ವಿಭಾಗದವರ ಪರವಾಗಿ ಒಂದು ಹಾಳೆ ಬರೆಯಬೇಕು. ಅವರ ಗುರಿ ಏನು, ಅವರ ಮೇಲಧಿಕಾರಿ ಅವರನ್ನು ಯಾವ ಅಳತೆಯಿಂದ ಅಳೆಯುತ್ತಾರೆ, ಆ ಅಳತೆ ತಪ್ಪಿದರೆ ಅವರಿಗೆ ಏನಾಗುತ್ತದೆ, ನಮ್ಮ ಯಾವ ನಡೆ ಅವರಿಗೆ ಅತಿ ಹೆಚ್ಚು ತೊಂದರೆ ಕೊಡುತ್ತದೆ. ಬರೆದ ಮೇಲೆ ಹಾಳೆಯನ್ನು ಅವರ ಕೈಗೇ ಕೊಡಬೇಕು. ಅವರು ತಿದ್ದುವಾಗ ನಾವು ಸಮರ್ಥನೆಯ ಒಂದು ಮಾತನ್ನೂ ಆಡಬಾರದು, ಅರ್ಥವಾಗದಿದ್ದರೆ ಪ್ರಶ್ನೆ ಕೇಳಬಹುದು ಅಷ್ಟೇ. ಅವರು ಒಪ್ಪಿ ಸಹಿ ಹಾಕುವವರೆಗೆ ಹಾಳೆ ಹಿಂದಿರುಗುವುದಿಲ್ಲ. ನಮ್ಮ ಮಾರಾಟ ವಿಭಾಗದ ಮುಖ್ಯಸ್ಥೆ ಮತ್ತು ನಾನು ಇದಕ್ಕೆ ಎರಡೂವರೆ ಗಂಟೆ ತೆಗೆದುಕೊಂಡೆವು. ಐದು ವರ್ಷ ಒಂದೇ ಕಟ್ಟಡದಲ್ಲಿ ಕೆಲಸ ಮಾಡಿದ್ದರೂ ನಾನು ಬರೆದುಕೊಟ್ಟ ನಾಲ್ಕು ಉತ್ತರಗಳಲ್ಲಿ ಮೂರನ್ನು ಅವರು ಹೊಡೆದುಹಾಕಿದರು.

ನಾನು ಬರೆದದ್ದು, ಅವರಿಗೆ ಎಲ್ಲ ಆರ್ಡರ್‌ಗಳೂ ಬೇಗ ಹೊರಡಬೇಕು ಎಂದು. ಅವರು ತಿದ್ದಿದ್ದು, ಬೇಗ ಹೊರಡುವುದಕ್ಕಿಂತ ಹೇಳಿದ ದಿನ ಹೊರಡಬೇಕು ಎಂದು. ಗ್ರಾಹಕರು ಇಪ್ಪತ್ತು ದಿನ ಕಾಯಲು ಸಿದ್ಧರಿದ್ದಾರೆ. ಹದಿನೈದು ಎಂದು ಹೇಳಿ ಹದಿನೆಂಟಕ್ಕೆ ಕಳುಹಿಸಿದಾಗ ಮಾತ್ರ ಅವರ ಯಂತ್ರಗಳು ನಿಂತುಹೋಗುತ್ತವೆ. ನಾವು ಕೊಟ್ಟ ದಿನಾಂಕಗಳನ್ನು ನಂಬಲಾಗದ ಕಾರಣಕ್ಕೇ ಅವರು ಪ್ರತಿ ಆರ್ಡರ್ ಮೇಲೂ ‘ತುರ್ತು’ ಎಂದು ಬರೆಯುತ್ತಿದ್ದರು. ಎಲ್ಲವೂ ತುರ್ತಾದಾಗ ನಾನು ಆ ಪದವನ್ನೇ ನೋಡುವುದನ್ನು ಬಿಟ್ಟಿದ್ದೆ. ಇನ್ನು ಅವರು ನನ್ನ ಪರವಾಗಿ ಬರೆದ ಹಾಳೆಯಲ್ಲಿ ಉತ್ಪಾದನೆಯವರಿಗೆ ಬದಲಾವಣೆಯೇ ಬೇಡ ಎಂದಿತ್ತು. ಬದಲಾವಣೆ ಬೇಡವೆಂದಲ್ಲ, ಅದು ಮುಂಚಿತವಾಗಿ ತಿಳಿಯಬೇಕು ಎಂದು ನಾನು ತಿದ್ದಿದೆ. ಅವರಿಗೆ ಬೇಕಿದ್ದದ್ದು ದಿನಾಂಕದ ಭರವಸೆ, ನನಗೆ ಬೇಕಿದ್ದದ್ದು ಮುನ್ಸೂಚನೆ. ಇವೆರಡರ ನಡುವೆ ವಿರೋಧವೇ ಇಲ್ಲ. ಮುಂದಿನ ಎರಡು ವಾರಗಳ ಯೋಜನೆಯನ್ನು ಯಾರೂ ಮುಟ್ಟುವಂತಿಲ್ಲ, ಆದರೆ ವಾರಕ್ಕೊಂದು ಪಾಳಿಯನ್ನು ನಿಜವಾದ ತುರ್ತಿಗಾಗಿ ಖಾಲಿ ಇಡಬೇಕು, ಆ ಪಾಳಿ ಯಾರಿಗೆ ಎಂಬುದನ್ನು ಮಾರಾಟ ವಿಭಾಗವೇ ನಿರ್ಧರಿಸಬೇಕು ಎಂಬ ಒಪ್ಪಂದಕ್ಕೆ ಮಧ್ಯಾಹ್ನದೊಳಗೆ ಬಂದೆವು.

ಹಾಗೆಂದು ಎಲ್ಲರೂ ಒಂದೇ ರೀತಿ ಯೋಚಿಸುವಂತಾಗಬೇಕು ಎಂಬ ಅರ್ಥ ಇದಕ್ಕಿಲ್ಲ. ಪಾಲ್ ಲಾರೆನ್ಸ್ ಮತ್ತು ಜೇ ಲಾರ್ಶ್ ಅವರು 1967ರಲ್ಲಿ ಪ್ರಕಟಿಸಿದ ಸಂಶೋಧನೆಯನ್ನು ತರಬೇತುದಾರರು ಈ ಸಂದರ್ಭದಲ್ಲಿ ವಿವರಿಸಿದ್ದು ಬಹಳ ಸಮಯೋಚಿತವಾಗಿತ್ತು. ಮೂರು ಉದ್ಯಮಗಳಿಗೆ ಸೇರಿದ ಹತ್ತು ಸಂಸ್ಥೆಗಳನ್ನು ಅಧ್ಯಯನ ಮಾಡಿದ ಅವರಿಗೆ, ವೇಗವಾಗಿ ಬದಲಾಗುತ್ತಿದ್ದ ಪ್ಲಾಸ್ಟಿಕ್ ಉದ್ಯಮದಲ್ಲಿ ಹೆಚ್ಚು ಯಶಸ್ವಿಯಾದ ಸಂಸ್ಥೆಗಳಲ್ಲಿ ವಿಭಾಗಗಳ ನಡುವಿನ ಭಿನ್ನತೆಯೂ ಹೆಚ್ಚು, ಅವುಗಳ ಹೊಂದಾಣಿಕೆಯೂ ಹೆಚ್ಚು ಎಂದು ಕಂಡುಬಂತು. ಅಂಥಲ್ಲಿ ಸಮಸ್ಯೆಯನ್ನು ಮುಚ್ಚಿಡದೆ, ಯಾರ ಮೇಲೂ ಹೇರದೆ, ಎದುರಿಗಿಟ್ಟು ಚರ್ಚಿಸುವ ರೂಢಿಯಿತ್ತು. ವಿಭಾಗಗಳ ನಡುವೆ ನಿಂತು ಎರಡೂ ಕಡೆಯ ಭಾಷೆ ಬಲ್ಲ ಸಂಯೋಜಕರಿದ್ದರು. ಗುಣಮಟ್ಟ ವಿಭಾಗದವರು ಅನುಮಾನ ಪಡುವವರಾಗಿಯೇ ಇರಬೇಕು, ಮಾರಾಟದವರು ಆಸೆ ಹೊತ್ತವರಾಗಿಯೇ ಇರಬೇಕು. ಅವರ ಭೇದವನ್ನು ಸವೆಸಿಬಿಟ್ಟರೆ ಸಂಸ್ಥೆ ಒಂದು ಕಣ್ಣನ್ನು ಕಳೆದುಕೊಳ್ಳುತ್ತದೆ.

ಕೈಪಿಡಿಯಲ್ಲಿ ಅರ್ಧ ಪುಟಕ್ಕೆ ಮುಗಿಸಿದ ಒಂದು ವಿಷಯಕ್ಕೆ ಇಡೀ ಅವಧಿಯನ್ನು ಕೊಡಬೇಕಿತ್ತು. ಸಂಸ್ಥೆಗಳ ನಡವಳಿಕೆಯನ್ನು ಅಧ್ಯಯನ ಮಾಡಿದ ರಿಚರ್ಡ್ ಸೈಯರ್ಟ್ ಮತ್ತು ಜೇಮ್ಸ್ ಮಾರ್ಚ್ ಅವರು 1963ರಲ್ಲೇ ಹೇಳಿದಂತೆ, ಸಂಸ್ಥೆಗಳು ಗುರಿಗಳ ಸಂಘರ್ಷವನ್ನು ಬಹುಮಟ್ಟಿಗೆ ಬಗೆಹರಿಸುವುದೇ ಇಲ್ಲ. ಒಂದು ಗುರಿಗೆ ಈಗ, ಇನ್ನೊಂದಕ್ಕೆ ಆಮೇಲೆ ಎಂದು ಸರದಿಯಲ್ಲಿ ಗಮನ ಕೊಡುತ್ತಾ ಅವು ಎದುರಾಗದಂತೆ ನೋಡಿಕೊಳ್ಳುತ್ತವೆ. ಉತ್ಪಾದನೆ ಏರುಪೇರಿಲ್ಲದೆ ಸಾಗಬೇಕು, ಗ್ರಾಹಕರೂ ತೃಪ್ತರಾಗಬೇಕು ಎಂಬ ಜೋಡಿಯನ್ನೇ ಅವರು ಉದಾಹರಣೆಯಾಗಿ ಕೊಟ್ಟಿದ್ದರು. ನಮ್ಮ ತಿಂಗಳು ನಡೆಯುತ್ತಿದ್ದದ್ದು ಅಕ್ಷರಶಃ ಹಾಗೆಯೇ. ಮೊದಲ ಮೂರು ವಾರ ವೆಚ್ಚದ ರಾಜ್ಯ, ಕೊನೆಯ ವಾರ ಡಿಸ್ಪ್ಯಾಚ್‌ನ ರಾಜ್ಯ. ಅದೊಂದು ವ್ಯವಸ್ಥೆ ಎಂದು ಯಾರೂ ಬಾಯಿಬಿಟ್ಟು ಹೇಳಿರದ ಕಾರಣ ಪ್ರತಿ ತಿಂಗಳೂ ಅದು ಹೊಸ ಅವಘಡದಂತೆ ಬಂದೆರಗುತ್ತಿತ್ತು. ಸರದಿ ತಪ್ಪೇನಲ್ಲ. ಅದನ್ನು ಮುಂದಾಗಿ ಹೇಳಿಟ್ಟರೆ ಅದು ಯೋಜನೆ, ಹೇಳದಿದ್ದರೆ ಕೊನೆಯ ವಾರದ ಕೂಗಾಟ.

ಎರಡನೆಯ ದಿನದ ಮಧ್ಯಾಹ್ನದ ಪಾಠವನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ಸಂವಹನ ವಿದ್ವಾಂಸ ಎರಿಕ್ ಐಸೆನ್‌ಬರ್ಗ್ ಅವರು 1984ರಲ್ಲಿ ಮುಂದಿಟ್ಟ ವಾದದ ಪ್ರಕಾರ, ಉದ್ದೇಶಪೂರ್ವಕವಾಗಿ ಮಾತನ್ನು ತುಸು ಅಸ್ಪಷ್ಟವಾಗಿ ಇಡುವುದರಿಂದ ಬೇರೆ ಬೇರೆ ನಂಬಿಕೆಯವರು ಒಂದೇ ಧ್ಯೇಯದ ಕೆಳಗೆ ಸೇರಿ ಕೆಲಸ ಮಾಡಬಹುದು. ಸಂಸ್ಥೆಯ ಧ್ಯೇಯವಾಕ್ಯಕ್ಕೆ ಇದು ಸರಿಯಾದ ಮಾತು. ಎಲ್ಲವನ್ನೂ ಬಿಡಿಸಿ ಬರೆದರೆ ಅಲ್ಲಿ ಯಾರಿಗೂ ಉಸಿರಾಡಲು ಜಾಗ ಉಳಿಯುವುದಿಲ್ಲ. ತರಬೇತುದಾರರು ಇದನ್ನು ದಿನನಿತ್ಯದ ಆದೇಶಗಳಿಗೂ ಅನ್ವಯಿಸಬಹುದಾದ ಜಾಣ್ಮೆ ಎಂಬಂತೆ ಕಲಿಸಿದರು. ನಮ್ಮಲ್ಲಿ ಅದನ್ನು ಅಡ್ಡಗೋಡೆಯ ಮೇಲೆ ದೀಪ ಇಡುವುದು ಎನ್ನುತ್ತಾರೆ. ಮೇಲಿನವರು ಅಡ್ಡಗೋಡೆಯ ಮೇಲೆ ದೀಪ ಇಟ್ಟರೆ ಕತ್ತಲಲ್ಲಿ ನಡೆಯುವವರು ಕೆಳಗಿನವರು.

ನಮ್ಮ ಕಾರ್ಖಾನೆಯ ಗೋಡೆಯ ಮೇಲೆ ‘ಗುಣಮಟ್ಟದಲ್ಲಿ ರಾಜಿಯಿಲ್ಲ, ವಿತರಣೆಯಲ್ಲಿ ವಿಳಂಬವಿಲ್ಲ’ ಎಂಬ ಫಲಕವಿದೆ. ಹಗಲಿನಲ್ಲಿ ಅದು ಒಳ್ಳೆಯ ಮಾತು. ರಾತ್ರಿ ಪಾಳಿಯ ಮೇಲ್ವಿಚಾರಕರ ಮುಂದೆ ಎರಡು ಗಂಟೆಯ ಹೊತ್ತಿಗೆ, ಅಳತೆ ಮಿತಿಯ ಅಂಚಿನಲ್ಲಿರುವ ಬ್ಯಾಚ್ ಒಂದು ಬಂದು ನಿಲ್ಲುತ್ತದೆ. ಹೊರಗೆ ಲಾರಿ ಕಾಯುತ್ತಿದೆ. ಫೋನ್ ಎತ್ತುವವರು ಯಾರೂ ಇಲ್ಲ. ಫಲಕದ ಮೊದಲರ್ಧ ಬ್ಯಾಚ್ ತಡೆಯಲು ಹೇಳುತ್ತದೆ, ಉಳಿದರ್ಧ ಕಳುಹಿಸಲು ಹೇಳುತ್ತದೆ. ಒಮ್ಮೆ ಅವರು ಕಳುಹಿಸಿದರು, ಗುಣಮಟ್ಟ ವಿಭಾಗದಿಂದ ಬೈಸಿಕೊಂಡರು. ಇನ್ನೊಮ್ಮೆ ತಡೆದರು, ಮಾರಾಟ ವಿಭಾಗದಿಂದ ಬೈಸಿಕೊಂಡರು. ನಾವು ಮೇಲಿನವರು ನಿರ್ಧರಿಸದೆ ಬಿಟ್ಟ ಆದ್ಯತೆಯನ್ನು, ನಮಗಿಂತ ಕಡಿಮೆ ಸಂಬಳದ, ಕಡಿಮೆ ಅಧಿಕಾರದ ಒಬ್ಬರು ಎರಡು ಸಲ ಒಂಟಿಯಾಗಿ ನಿರ್ಧರಿಸಿ ಎರಡು ಸಲವೂ ತಪ್ಪಿತಸ್ಥರಾದರು. ಇದನ್ನು ತರಗತಿಯಲ್ಲಿ ಹೇಳಿದಾಗ ತರಬೇತುದಾರರು ಗಮನವಿಟ್ಟು ಕೇಳಿದರು, ಟಿಪ್ಪಣಿಯನ್ನೂ ಮಾಡಿಕೊಂಡರು; ಆದರೆ ಪಾಠ ತಿದ್ದಲಿಲ್ಲ.

ಮೂರನೆಯ ದಿನ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್‌ನ ದುರಂತವನ್ನು ಅಧ್ಯಯನಕ್ಕೆ ಇಟ್ಟಿದ್ದರು. 1986ರ ಜನವರಿ 28ರಂದು ಏಳು ಗಗನಯಾತ್ರಿಗಳು ಪ್ರಾಣ ಕಳೆದುಕೊಂಡ ಆ ಉಡಾವಣೆಯ ಹಿಂದಿನ ರಾತ್ರಿ ದೂರವಾಣಿ ಸಭೆ ನಡೆದಿತ್ತು. ನೌಕೆಯನ್ನು ಮೇಲಕ್ಕೆ ಒಯ್ಯುವ ಬೂಸ್ಟರ್ ರಾಕೆಟ್ ತಯಾರಿಸಿದ ಕಂಪನಿಯ ಎಂಜಿನಿಯರ್‌ಗಳು 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಎಂದರೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಉಡಾಯಿಸಬಾರದು ಎಂದು ಹೇಳಿದ್ದರು. ಸಭೆಯನ್ನು ನಿಲ್ಲಿಸಿ ಕಂಪನಿಯ ಹಿರಿಯರು ಪ್ರತ್ಯೇಕವಾಗಿ ಸಮಾಲೋಚಿಸುವಾಗ, ಎಂಜಿನಿಯರಿಂಗ್ ಮುಖ್ಯಸ್ಥರಿಗೆ ಎಂಜಿನಿಯರ್‌ನ ಟೋಪಿ ತೆಗೆದು ವ್ಯವಸ್ಥಾಪಕನ ಟೋಪಿ ಹಾಕಿಕೊಳ್ಳುವಂತೆ ಹೇಳಲಾಯಿತು; ಶಿಫಾರಸು ತಿರುಗಿಬಿತ್ತು. ಮೊದಲಿನ ಆಕ್ಷೇಪ ಅಂತಿಮ ನಿರ್ಧಾರ ಕೈಗೊಂಡವರಿಗೆ ತಲುಪಿರಲೇ ಇಲ್ಲ ಎಂದು ತನಿಖಾ ಆಯೋಗ ವರದಿ ಮಾಡಿತು. ಅಂದು ಮಾತಿಗೆ ಕೊರತೆಯಿರಲಿಲ್ಲ, ಗಂಟೆಗಟ್ಟಲೆ ಮಾತಾಡಿದ್ದರು. ಆ ಮಾತು ಸುರಕ್ಷತೆ ಮತ್ತು ವೇಳಾಪಟ್ಟಿ ಎಂಬ ಎರಡು ಗುರಿಗಳನ್ನು ಹೊಂದಿಸುವ ಬದಲು ಮೊದಲನೆಯದನ್ನು ಕೋಣೆಯಿಂದ ಹೊರಗೆ ಕಳುಹಿಸಿತು. ಸಮ್ಮತಿ ಸಿಕ್ಕಿತೆಂದರೆ ಸಂಘರ್ಷ ಬಗೆಹರಿಯಿತು ಎಂದಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಘಟನೆ ನನಗೆ ತಿಳಿದಿಲ್ಲ. ಚರ್ಚೆಯನ್ನು ನಡೆಸಿದ ರೀತಿಯಲ್ಲಿ ಗಾಂಭೀರ್ಯವಿತ್ತು. ಇದಕ್ಕಾಗಿ ತರಬೇತುದಾರರಿಗೆ ಮನಃಪೂರ್ವಕ ಕೃತಜ್ಞತೆ ಸಲ್ಲಬೇಕು.

ಹಿಂದಿರುಗಿದ ಮೇಲೆ ಮೂರು ವಾರ ನಮ್ಮ ಒಪ್ಪಂದ ಚೆನ್ನಾಗಿ ನಡೆಯಿತು. ‘ತುರ್ತು’ ಎಂಬ ಪದ ಆರ್ಡರ್‌ಗಳ ಮೇಲೆ ಅಪರೂಪವಾಯಿತು. ನಾಲ್ಕನೆಯ ವಾರ ಮುರಿದುಬಿತ್ತು. ಮಾರಾಟ ವಿಭಾಗದವರ ಇನ್ಸೆಂಟಿವ್ ಇನ್ನೂ ತಿಂಗಳ ಕೊನೆಯ ಡಿಸ್ಪ್ಯಾಚ್ ಮೇಲೆಯೇ ನಿಂತಿತ್ತು. ಅವರ ತಂಡದ ಹುಡುಗರ ಸಂಬಳದ ಒಂದು ಭಾಗ ಅದರಿಂದಲೇ ಬರುತ್ತದೆ. ಮುಖ್ಯಸ್ಥೆಯವರು ನನ್ನ ಬಳಿ ಬಂದು, ಕೊಟ್ಟ ಮಾತು ನೆನಪಿದೆ, ಆದರೆ ನನ್ನ ಹುಡುಗರಿಗೆ ಏನು ಹೇಳಲಿ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಒಂದನ್ನು ಬಯಸುತ್ತಾ ಇನ್ನೊಂದಕ್ಕೆ ಬಹುಮಾನ ಕೊಡುವ ಸಂಸ್ಥೆಗಳ ಬಗ್ಗೆ ನಿರ್ವಹಣಾ ವಿದ್ವಾಂಸ ಸ್ಟೀವನ್ ಕೆರ್ 1975ರಲ್ಲೇ ಎಚ್ಚರಿಸಿದ್ದರು. ಈ ತರಬೇತಿಯ ಮೂರು ದಿನಗಳಲ್ಲಿ ಬಹುಮಾನದ ವಿಷಯ ಹತ್ತು ನಿಮಿಷವೂ ಬರಲಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯ ಮೇಲೆ ಇಡೀ ಪಠ್ಯಕ್ರಮ ನಿಂತಿದೆ. ಮಾತು ಬಲ್ಲ ಇಬ್ಬರ ನಡುವೆ ತಪ್ಪು ಅಳತೆಯೊಂದು ನಿಂತಿದ್ದರೆ ಜಗಳ ಇದ್ದೇ ಇರುತ್ತದೆ, ಸೌಜನ್ಯದಿಂದ ನಡೆಯುತ್ತದೆ ಅಷ್ಟೇ.

ಅಳತೆ ಬದಲಾಗಬೇಕಾದರೆ ಮೇಲಕ್ಕೆ ಮಾತಾಡಬೇಕು. ನೀವು ಕೊಟ್ಟ ಎರಡು ಗುರಿಗಳು ಒಟ್ಟಿಗೆ ಈಡೇರಲಾರವು ಎಂದು ಮೇಲಧಿಕಾರಿಗೆ ಹೇಳುವುದು ವ್ಯವಸ್ಥಾಪಕರ ಮಾತುಗಳಲ್ಲೇ ಅತ್ಯಂತ ಕಷ್ಟದ್ದು. ಅದನ್ನು ಕಲಿಸದಿರುವುದು ಈ ತರಬೇತಿಯ ದೊಡ್ಡ ಕೊರತೆ ಎಂದು ನಾನು ಭಾವಿಸುತ್ತೇನೆ. ಅಭ್ಯಾಸಗಳೆಲ್ಲವೂ ಸಮಾನ ದರ್ಜೆಯವರ ನಡುವೆ, ಇಲ್ಲವೇ ಕೆಳಗಿನವರೊಂದಿಗೆ. ನಾವಿಬ್ಬರೂ ತಡಕಾಡಿ ನಮ್ಮದೇ ದಾರಿ ಕಂಡುಕೊಂಡೆವು. ದೂರಿನ ಧಾಟಿಯಲ್ಲಿ ಹೋಗಲಿಲ್ಲ. ಒಂದೇ ಹಾಳೆಯ ಮೇಲೆ ಇಬ್ಬರ ಗುರಿಗಳನ್ನೂ ಅಕ್ಕಪಕ್ಕ ಬರೆದು, ಮುಂದಿನ ತಿಂಗಳ ಮೂರು ನಿಜವಾದ ಆರ್ಡರ್‌ಗಳನ್ನು ಕೆಳಗಿಟ್ಟು, ಪ್ರತಿಯೊಂದರಲ್ಲೂ ಯಾವ ಗುರಿ ಉಳಿಯುತ್ತದೆ, ಯಾವುದು ಬೀಳುತ್ತದೆ ಎಂಬುದನ್ನು ತೋರಿಸಿ, ಇಬ್ಬರೂ ಸಹಿ ಹಾಕಿ ಪ್ರಧಾನ ವ್ಯವಸ್ಥಾಪಕರ ಮುಂದಿಟ್ಟೆವು. ಯಾವುದನ್ನು ಬಿಡಬೇಕೆಂದು ನೀವು ಹೇಳಿದರೆ ಅದರಂತೆ ನಡೆಯುತ್ತೇವೆ ಎಂದೆವು. ಅವರು ಒಂದು ವಾರ ಉತ್ತರ ಕೊಡಲಿಲ್ಲ. ಆಮೇಲೆ ಕರೆಸಿ, ಇಬ್ಬರನ್ನೂ ಒಂದೇ ಅಳತೆಯಿಂದ, ಅಂದರೆ ಗ್ರಾಹಕರಿಗೆ ಹೇಳಿದ ದಿನಾಂಕವನ್ನು ಎಷ್ಟು ಆರ್ಡರ್‌ಗಳಲ್ಲಿ ಉಳಿಸಿಕೊಂಡೆವು ಎಂಬುದರಿಂದ ನೋಡುವುದಾಗಿ ಹೇಳಿದರು. ವೆಚ್ಚದ ಅಳತೆ ನನಗೆ ಉಳಿದಿದೆ, ಅದರ ತೂಕ ಇಳಿದಿದೆ. ಎರಡು ವಿರುದ್ಧ ವಿಭಾಗಗಳ ಸಹಿ ಒಂದೇ ಹಾಳೆಯಲ್ಲಿ ಇದ್ದದ್ದೇ ಅವರನ್ನು ಯೋಚಿಸುವಂತೆ ಮಾಡಿತು ಎಂದು ಆಮೇಲೆ ತಿಳಿಯಿತು.

ಆನ್‌ಲೈನ್ ಮಾರ್ಗದರ್ಶನದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಮೊದಲ ಎರಡು ವಾರ ಉಪಯುಕ್ತವಾಗಿತ್ತು. ಮೂರನೆಯ ವಾರ ತರಬೇತುದಾರರು ಬದಲಾದರು, ಹೊಸಬರು ನಮ್ಮ ಹಾಳೆಗಳನ್ನು ಓದಿರಲಿಲ್ಲ. ಒಪ್ಪಂದ ಮುರಿದ ವಾರವೇ ಅವರ ಸಹಾಯ ಬೇಕಿತ್ತು, ಅದೇ ವಾರ ನಮಗೆ ಸಿಕ್ಕಿದ್ದು ಆಲಿಸುವ ಕಲೆಯ ಬಗ್ಗೆ ಸಾಮಾನ್ಯ ಉಪನ್ಯಾಸ. ಈ ಭಾಗವನ್ನು ಬಿಟ್ಟು ಮೂರು ದಿನಗಳಿಗೆ ಮಾತ್ರ ಸೇರಲು ಅವಕಾಶವಿದ್ದರೆ ಹಾಗೆ ಮಾಡುವುದು ಉತ್ತಮ.

ಒಬ್ಬರೇ ಹೋಗುವವರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಹದಿನೆಂಟು ಮಂದಿಯಲ್ಲಿ ಹತ್ತು ಜನ ತಮ್ಮ ಸಂಸ್ಥೆಯಿಂದ ಒಂಟಿಯಾಗಿ ಬಂದಿದ್ದರು. ಎರಡನೆಯ ದಿನದ ಅಭ್ಯಾಸವನ್ನು ಅವರು ಅಪರಿಚಿತರೊಂದಿಗೆ ನಟಿಸಿ ಮಾಡಬೇಕಾಯಿತು. ತಿದ್ದಬೇಕಾದವರು ಅಲ್ಲಿರಲೇ ಇಲ್ಲ. ನಿಮ್ಮ ಗುರಿಗೆ ಅಡ್ಡ ನಿಂತಿರುವವರು ಯಾರೋ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಲು ಸಾಧ್ಯವಾದರೆ ಹೋಗಿ. ನಮ್ಮ ಹಣಕಾಸು ಮತ್ತು ಖರೀದಿ ವಿಭಾಗಗಳ ಮುಖ್ಯಸ್ಥರು ಮುಂದಿನ ತಂಡದಲ್ಲಿ ಜೋಡಿಯಾಗಿ ಸೇರುತ್ತಿದ್ದಾರೆ. ಮೊದಲ ದಿನದ ಪ್ರಶ್ನಾವಳಿಯನ್ನು ಕಡಿತಗೊಳಿಸಿ, ಆ ಸಮಯದಲ್ಲಿ ಮೇಲಧಿಕಾರಿಯ ಮುಂದೆ ಇಡಬೇಕಾದ ಹಾಳೆಯನ್ನು ಬರೆಸಿ ಎಂದು ತರಬೇತಿ ಸಂಸ್ಥೆಗೆ ಪತ್ರ ಬರೆದಿದ್ದೇನೆ. ಮೊದಲ ದಿನದ ಮಧ್ಯಾಹ್ನವನ್ನು ಅದಕ್ಕೆ ಮೀಸಲಿಡಲು ಅವರು ಒಪ್ಪಿದ್ದಾರೆ.